ರೆಡಿಮೇಡ್ ಪ್ಲಾನ್ ತೆಗೆದುಕೊಂಡು ಮಾಳಿಗೆ ಮನೆ ಕಟ್ಟಬಹುದಾ?

ಪ್ರಶ್ನೆ: ಉಡುಪಿ ಹತ್ತಿರ ನಮ್ಮದು 5 ಸೆಂಟ್ಸ್ ಜಾಗ ಇದೆ. ಅಪ್ಪ, ಅಮ್ಮ, ನಾವಿಬ್ಬರು, ಎರಡು ಮಕ್ಕಳು. ನೆಟ್‌ನಲ್ಲಿ ಎರಡು ಅಂತಸ್ತಿನ ಮನೆಯ ರೆಡಿಮೇಡ್ ಪ್ಲಾನ್‌ಗಳು ಕಡಿಮೆ ದುಡ್ಡಿಗೆ ಸಿಗುತ್ತವೆ. ತೆಗೆದುಕೊಳ್ಳಬಹುದಾ? ಆರಿಸುವಾಗ ಏನು ನೋಡಬೇಕು?

ತೆಗೆದುಕೊಳ್ಳಿ, ತಪ್ಪೇನಿಲ್ಲ. ಯಾರ ಕೋಣೆ ಎಲ್ಲಿ ಅಂತ ಮನೆಯವರೆಲ್ಲ ಕೂತು ಜಗಳ ಆಡಲಿಕ್ಕೆ ಕೈಯಲ್ಲಿ ಒಂದು ಕಾಗದ ಬೇಕಲ್ಲ, ಅದಕ್ಕೆ ಸಾಕು. ಆದರೆ ಆ ಪ್ಲಾನ್ ಬರೆದವರು ನಮ್ಮ ಜುಲೈ ತಿಂಗಳು ನೋಡಿದವರಾ? ಬೆಂಗಳೂರಿನಲ್ಲಿ ವರ್ಷಕ್ಕೆ ಸುಮಾರು 1000 ಮಿ.ಮೀ. ಮಳೆ. ನಮ್ಮಲ್ಲಿ 4000ದ ಹತ್ತಿರ, ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಹಾಗಾಗಿ ಪ್ಲಾನನ್ನು ಮೊದಲು ಮಳೆಯ ಕಣ್ಣಿಂದ ನೋಡಿ.

ಕಟಪಾಡಿಯಲ್ಲಿ ನನ್ನ ಅಣ್ಣ ಇಂಥದ್ದೇ ಪ್ಲಾನ್ ಖರೀದಿಸಿ ಕಟ್ಟಿಸಿದ. ಮೇಲಿನ ಕೋಣೆಯ ಪಶ್ಚಿಮದ ಕಿಟಕಿಗೆ ಸನ್‌ಶೇಡ್ ಇಲ್ಲ. ಎಲಿವೇಶನ್, ಅಂದರೆ ಮನೆಯ ಹೊರನೋಟ, ಚೆಂದ ಕಾಣಲಿ ಅಂತ ಸುತ್ತ ಒಂದು ಬೂದು ಚೌಕಟ್ಟು, ಅಷ್ಟೇ. ಮೊದಲ ಮಳೆಗಾಲದಲ್ಲೇ ಗಾಳಿಗೆ ಮಳೆ ಅಡ್ಡಕ್ಕೆ ಹೊಡೆಯಿತು. ಅತ್ತಿಗೆ ಕಿಟಕಿಯ ಸಂದಿಗೆ ಬೈರಾಸು ತುರುಕಿ, ಕೆಳಗೆ ಬಾಲ್ದಿ ಇಟ್ಟು, ಮಂಚವನ್ನು ಕೋಣೆಯ ನಡುವಿಗೆ ಎಳೆದರು. ಮೂರು ತಿಂಗಳು ಮಂಚ ಅಲ್ಲೇ ಇತ್ತು. ಈಗ ಆ ಚೌಕಟ್ಟಿನ ಮೇಲೆ ತಗಡಿನ ಶೀಟು ಬಂದಿದೆ, ಎಲಿವೇಶನ್ನಿನ ಚೆಂದವೂ ಹೋಯಿತು.

ನಮ್ಮಲ್ಲಿ ಗಾಳಿಮಳೆ ಬರುವುದು ಪಶ್ಚಿಮ, ನೈಋತ್ಯದ ಕಡೆಯಿಂದ. ವಾಸ್ತು ನೋಡುವವರು ಯಜಮಾನರ ಕೋಣೆ ಇಡಿಸುವುದೂ ನೈಋತ್ಯದಲ್ಲೇ. ಬೇಡ ಅಂತ ನಾನು ಹೇಳುವುದಿಲ್ಲ, ಹಿರಿಯರ ಹತ್ತಿರ ನಾನೇ ಗೆದ್ದಿಲ್ಲ. ಆದರೆ ಆ ಗೋಡೆಗೆ ಅಗಲದ ಸನ್‌ಶೇಡ್ ಬೇಕೇಬೇಕು. ದೊಡ್ಡ ಬಾಲ್ಕನಿ ಪಶ್ಚಿಮಕ್ಕೆ ಇದ್ದರೆ ಅದನ್ನು ಪೂರ್ವಕ್ಕೋ ಉತ್ತರಕ್ಕೋ ತಿರುಗಿಸಲಿಕ್ಕಾಗುತ್ತದಾ ನೋಡಿ.

ಇನ್ನು ಮನೆಯ ಮಾಡು, ಅಂದರೆ ಛಾವಣಿ. ನೆಟ್‌ನ ಪ್ಲಾನ್‌ಗಳಲ್ಲಿ ಹೆಚ್ಚಾಗಿ ಚಪ್ಪಟೆ ಟೆರೇಸು. ನಮ್ಮ ಊರಲ್ಲಿ ಅದರ ಗತಿ ಗೊತ್ತಲ್ವಾ? ಎರಡು ಮಳೆಗಾಲ ಸೋರುತ್ತದೆ, ಮೂರನೆಯದಕ್ಕೆ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹಾಕಿಸುತ್ತೇವೆ. ಬಾಸೆಲ್ ಮಿಷನ್‌ನವರು 1865ರಲ್ಲೇ ಹಂಚಿನ ಕಾರ್ಖಾನೆ ಶುರು ಮಾಡಿದ ಮಂಗಳೂರಿನ ಪಕ್ಕ ಕೂತು ಹೀಗೆ ಮಾಡುತ್ತೇವೆ! ಹೇಗೂ ಮೇಲೆ ಇನ್ನೊಂದು ಮಾಡು ಬರುವುದೇ ಆದರೆ, ಇಳಿಜಾರಿನ ಮಾಡು ಇರುವ ಪ್ಲಾನನ್ನೇ ಆರಿಸಿ. ಶೀಟೇ ಸಾಕು ಅನ್ನುವವರು ಅದರ ಖರ್ಚನ್ನು ಈಗಲೇ ಲೆಕ್ಕಕ್ಕೆ ಹಿಡಿಯಿರಿ. ಬಟ್ಟೆ ಒಣಗಿಸಲಿಕ್ಕೆ ಜಾಗವಾದರೂ ಸಿಗುತ್ತದೆ.

ಅಳತೆಯಲ್ಲಿ ಒಂದು ಮೋಸ ಆಗುತ್ತದೆ. 30x40 ಅಂತ ಬರೆದಿದ್ದರೆ ಅದು ಹೆಚ್ಚಾಗಿ ಸೈಟಿನ ಅಳತೆ. 1200 ಚದರಡಿ, ಅಂದರೆ ನಮ್ಮ ಲೆಕ್ಕದಲ್ಲಿ ಪೌಣೆ ಮೂರು ಸೆಂಟ್ಸ್. ನಿಮ್ಮ 5 ಸೆಂಟ್ಸ್ ಅಂದರೆ 2178 ಚದರಡಿ. ಇಕ್ಕಟ್ಟಿನ ಸೈಟಿಗೆ ಬರೆದ ಪ್ಲಾನನ್ನು ಸುಮ್ನೆ ಇಲ್ಲಿಗೆ ತಂದು ನೀವೂ ಇಕ್ಕಟ್ಟಿನಲ್ಲಿ ಇರುವುದು ಯಾಕೆ?

ಗೋಡೆಯ ದಪ್ಪವನ್ನೂ ನೋಡಿ. ಪ್ಲಾನ್‌ನಲ್ಲಿ ಒಳಗೋಡೆ ನಾಲ್ಕೂವರೆ ಇಂಚು ಇರುತ್ತದೆ, ಅದು ಇಟ್ಟಿಗೆಯ ಲೆಕ್ಕ. ನೀವು ಕೆಂಪು ಕಲ್ಲಲ್ಲಿ ಕಟ್ಟಿಸಿದರೆ ಗೋಡೆ 7ರಿಂದ 9 ಇಂಚು ಆಗುತ್ತದೆ. ಮೂರು ಒಳಗೋಡೆ ಬಂದರೆ ಹತ್ತಿರ ಹತ್ತಿರ ಒಂದಡಿ ಜಾಗ ಹೋಯಿತು. 10 ಅಡಿ ಅಂದುಕೊಂಡ ಕೋಣೆಯಲ್ಲಿ ಕಪಾಟಿನ ಬಾಗಿಲು ಮಂಚಕ್ಕೆ ತಾಗುವುದು ಹೀಗೆ.

ಅಪ್ಪ ಅಮ್ಮನ ಕೋಣೆ ಕೆಳಗೇ ಇರಲಿ, ಬಾತ್‌ರೂಮ್ ಅದಕ್ಕೆ ತಾಗಿಕೊಂಡೇ ಇರಲಿ. ಮೇಲಿನ ಬಾತ್‌ರೂಮ್ ಕೆಳಗಿನದರ ನೇರಕ್ಕೆ ಬಂದರೆ ಪೈಪು ಕಡಿಮೆ, ಸೋರಿದರೂ ಅಡಿಗೆಕೋಣೆಗೆ ಸೋರುವುದಿಲ್ಲ. ಮೆಟ್ಟಿಲು ಎಣಿಸಿ ನೋಡಿ. ಕೆಳಗಿನ ನೆಲದಿಂದ ಮೇಲಿನ ನೆಲಕ್ಕೆ 10 ಅಡಿ ಇದ್ದರೆ, 6 ಇಂಚಿನ 20 ಮೆಟ್ಟಿಲು ಬೇಕು. ಪ್ಲಾನ್‌ನಲ್ಲಿ 15 ಮಾತ್ರ ಇದ್ದರೆ ಒಂದೊಂದೂ 8 ಇಂಚು. ಮಕ್ಕಳು ಹಾರಿಕೊಂಡು ಹತ್ತುತ್ತಾರೆ, ನಿಮ್ಮ ಅಮ್ಮ ಮಾಳಿಗೆ ನೋಡುವುದು ಗೃಹಪ್ರವೇಶದ ದಿನ ಮಾತ್ರ.

ಬಾವಿ ಮತ್ತು ಶೌಚದ ಪಿಟ್ಟನ್ನು ರೆಡಿಮೇಡ್ ಪ್ಲಾನ್‌ಗಳು ಹೆಚ್ಚಾಗಿ ತೋರಿಸುವುದಿಲ್ಲ. ನಮ್ಮ ಕೆಂಪು ಮಣ್ಣಲ್ಲಿ ನೀರು ಬೇಗ ಇಳಿಯುತ್ತದೆ. ನಿಮ್ಮ ಬಾವಿ ಮಾತ್ರ ಅಲ್ಲ, ಪಕ್ಕದ ಮನೆಯವರ ಬಾವಿ ಎಲ್ಲಿದೆ ಅಂತಲೂ ನೋಡಿ ಪಿಟ್ಟಿನ ಜಾಗ ಮೊದಲು ಗುರುತು ಮಾಡಿ. ಮನೆ ಆಮೇಲೆ.

ಒಂದು ಭಾನುವಾರ ಸುಣ್ಣದ ಪುಡಿ ಹಿಡಿದು ಜಾಗದಲ್ಲೇ ಗೆರೆ ಎಳೆಯಿರಿ, ಪೂರ್ತಿ ಅಳತೆಯಲ್ಲಿ. ಮಂಚದ ಜಾಗದಲ್ಲಿ ಚಾಪೆ ಹಾಸಿ. ಅಪ್ಪನನ್ನು ಆ ಚಾಪೆಯಿಂದ ಬಾತ್‌ರೂಮ್‌ವರೆಗೆ ನಡೆಸಿ. ನಮ್ಮ ಮನೆಗೆ ಹೀಗೆ ಮಾಡಿದಾಗ ಊಟದ ಮೇಜು ಹಿಂದಿನ ಬಾಗಿಲಿಗೆ ಅಡ್ಡ ಬಂದದ್ದು ಗೊತ್ತಾಯಿತು. ಕಾಗದದಲ್ಲಿ ಯಾರಿಗೂ ಕಂಡಿರಲಿಲ್ಲ.

ಇಷ್ಟಾದ ಮೇಲೆ ಊರಿನ ಎಂಜಿನಿಯರ್ ಹತ್ತಿರ ಹೋಗಿ. ಮನೆ ಕಟ್ಟುವ ಲೈಸೆನ್ಸಿಗೆ ಹೇಗೂ ಅವರೇ ಬೇರೆ ಡ್ರಾಯಿಂಗ್ ಮಾಡಿಕೊಡಬೇಕು. ಪಂಚಾಂಗ, ಅಂದರೆ ಅಡಿಪಾಯ, ಎಷ್ಟು ಆಳ, ಕಂಬಿ ಎಷ್ಟು ಅನ್ನುವುದೂ ಜಾಗ ನೋಡದೆ ಆಗುವುದಲ್ಲ. ಗಟ್ಟಿ ಕಲ್ಲಿನ ಗುಡ್ಡೆ ಜಾಗಕ್ಕೆ ಒಂದು ಲೆಕ್ಕ, ಗದ್ದೆಗೆ ಮಣ್ಣು ತುಂಬಿಸಿ ಮಾಡಿದ ಸೈಟಿಗೆ ಬೇರೆ ಲೆಕ್ಕ. ನಿಮ್ಮದು ಗದ್ದೆಯಾಗಿದ್ದರೆ ಮೊದಲೇ ಹೇಳಿಬಿಡಿ, ಮುಚ್ಚಿಡಬೇಡಿ. ಕೋಣೆಗಳೆಲ್ಲ ನಿಶ್ಚಯ ಮಾಡಿಕೊಂಡೇ ಬಂದಿದ್ದೇವಲ್ಲ, ಫೀಸಲ್ಲಿ ಸ್ವಲ್ಪ ಕಡಿಮೆ ಮಾಡುತ್ತೀರಾ ಅಂತಲೂ ಒಮ್ಮೆ ಕೇಳಿ ನೋಡಿ.