ಓದಲು ಮಾತ್ರ ಅನುಮತಿ ಇರುವ ಫೈಲಿಗೆ ಬರೆಯಲು ಆಗಿದ್ದು ಹೇಗೆ?

ಓದುಗರ ಪ್ರಶ್ನೆ: ಲಿನಕ್ಸ್‌ನಲ್ಲಿ ಒಂದು ಫೈಲನ್ನು ಓದೋಕೆ ಮಾತ್ರ ನನಗೆ ಅನುಮತಿ ಇದೆ ಅಂದುಕೊಳ್ಳಿ. ಆದರೂ ಡರ್ಟಿ ಕೌ ಎಂಬ ದೋಷ ಬಳಸಿ ಅದಕ್ಕೆ ಬರೆಯಬಹುದಿತ್ತು ಅಂತಾರೆ. ಹಾಗಾದ್ರೆ ಲಿನಕ್ಸ್‌ನ ತಿರುಳಾದ ಕರ್ನಲ್ ಅನುಮತಿಯನ್ನು ನೋಡಲೇ ಇಲ್ವಾ?

ನೋಡಿತ್ತು, ಸರಿಯಾಗೇ ನೋಡಿತ್ತು. ಎಡವಟ್ಟು ಆಗಿದ್ದು ನೋಡಿದ ಮೇಲೆ, ಬರೆಯುವುದಕ್ಕೆ ಮುಂಚೆ ಸಿಕ್ಕ ಚೂರು ಸಮಯದಲ್ಲಿ.

ಕರ್ನಲ್ ಮೆಮೊರಿಯನ್ನು ಪೇಜ್‌ಗಳ ಲೆಕ್ಕದಲ್ಲಿ ನಿಭಾಯಿಸುತ್ತದೆ. ಒಂದು ಪೇಜ್ ಸಾಮಾನ್ಯವಾಗಿ 4096 ಬೈಟ್. ಯಾರಾದರೂ ಫೈಲ್ ಓದಿದರೆ ಅದರ ಪೇಜ್‌ಗಳು ಪೇಜ್ ಕ್ಯಾಶ್‌ಗೆ, ಅಂದರೆ ಫೈಲಿನ ಪೇಜ್‌ಗಳನ್ನು ಇಟ್ಟುಕೊಳ್ಳುವ ಮೆಮೊರಿಯ ಜಾಗಕ್ಕೆ ಬರುತ್ತವೆ. ಆ ಫೈಲ್ ಬಳಸುವ ಎಲ್ಲ ಪ್ರೋಗ್ರಾಂಗಳೂ ನೋಡುವುದು ಇದೇ ಪೇಜ್‌ಗಳನ್ನು. ನೀವು ಫೈಲನ್ನು ಖಾಸಗಿಯಾಗಿ ಮ್ಯಾಪ್ ಮಾಡಿಕೊಂಡು (ಅಂದರೆ ನಿಮ್ಮ ಪ್ರೋಗ್ರಾಂನ ಮೆಮೊರಿಯ ಭಾಗದಂತೆ ಕಾಣುವ ಹಾಗೆ ಜೋಡಿಸಿಕೊಂಡು) ಅಲ್ಲಿ ಬರೆಯಲು ಹೋದರೆ, ಕರ್ನಲ್ ಆ ಪೇಜಿನ ನಕಲು ಮಾಡಿ ನಿಮಗೆ ಕೊಡುತ್ತದೆ. ಮೂಲಕ್ಕೆ ಏನೂ ಆಗುವುದಿಲ್ಲ. ಇದೇ ಕಾಪಿ ಆನ್ ರೈಟ್. ಬರೆಯುವ ತನಕ ನಕಲೇ ಬೇಡ ಅನ್ನುವ ಈ ಉಪಾಯದಿಂದ ಎಷ್ಟೋ ಮೆಮೊರಿ ಉಳಿಯುತ್ತದೆ. ತುಂಬಾ ಚೆಂದದ ವಿನ್ಯಾಸ ಅಂತಲೇ ನನ್ನ ಅಭಿಪ್ರಾಯ.

ಈಗ ದಾಳಿಯನ್ನು ಹತ್ತಿರದಿಂದ ನೋಡೋಣ. ದಾಳಿಕೋರನ ಪ್ರೋಗ್ರಾಂ ಫೈಲನ್ನು ಖಾಸಗಿಯಾಗಿ, ಓದಲು ಮಾತ್ರ ಅಂತ ಮ್ಯಾಪ್ ಮಾಡುತ್ತದೆ. ಆಮೇಲೆ ಎರಡು ಥ್ರೆಡ್‌ಗಳನ್ನು, ಅಂದರೆ ಒಂದೇ ಪ್ರೋಗ್ರಾಂನ ಎರಡು ಕೆಲಸದ ಎಳೆಗಳನ್ನು ಒಟ್ಟಿಗೆ ಓಡಿಸುತ್ತದೆ.

ಮೊದಲ ಥ್ರೆಡ್, ಪ್ರೋಗ್ರಾಂನ ಸ್ವಂತ ಮೆಮೊರಿಯನ್ನು ಫೈಲಿನಂತೆ ತೋರಿಸುವ ಪ್ರೊಕ್ ದಾರಿಯಿಂದ ಅಲ್ಲಿಗೆ ಬರೆಯುತ್ತದೆ. ಓದಲು ಮಾತ್ರ ಇರುವ ಜಾಗಕ್ಕೂ ಈ ದಾರಿಯಲ್ಲಿ ಬರೆಯಬಹುದು, ಪ್ರೋಗ್ರಾಂನ ತಪ್ಪು ಹುಡುಕುವ ಡಿಬಗರ್‌ಗಳಿಗೆ ಅದು ಬೇಕೇ ಬೇಕು. ಬರೆದದ್ದು ಖಾಸಗಿ ನಕಲಿಗೆ ಹೋಗುತ್ತದೆ ಅನ್ನುವ ಧೈರ್ಯ ಕರ್ನಲ್‌ಗೆ. ಅದು ನಕಲು ಮಾಡುತ್ತದೆ. ಮಾಡಿದ ಮೇಲೆ 'ನಕಲು ಸಿದ್ಧವಾಯಿತು, ಇನ್ನು ಬರೆಯುವ ಅನುಮತಿ ಕೇಳುವುದು ಬೇಡ' ಅಂತ ತನ್ನ ಕೋರಿಕೆಯಿಂದ ಬರೆಯುವ ಗುರುತನ್ನೇ ತೆಗೆದುಹಾಕುತ್ತದೆ. ತೆಗೆಯದಿದ್ದರೆ ಅದೇ ಪರೀಕ್ಷೆ ಮತ್ತೆ ಮತ್ತೆ ಸೋತು ಕರ್ನಲ್ ಸುತ್ತುತ್ತಲೇ ಇರಬೇಕಾಗುತ್ತದೆ.

ಸರಿಯಾಗಿ ಆ ಹೊತ್ತಿಗೆ ಎರಡನೇ ಥ್ರೆಡ್, ಮೆಮೊರಿ ಬಗ್ಗೆ ಕರ್ನಲ್‌ಗೆ ಸೂಚನೆ ಕೊಡುವ ಎಂಅಡ್ವೈಸ್ (madvise) ಕರೆದು 'ಈ ಪೇಜ್ ನನಗೆ ಬೇಡ' ಅನ್ನುತ್ತದೆ. ಕರ್ನಲ್ ನಕಲನ್ನು ಬಿಸಾಡುತ್ತದೆ. ಮೊದಲ ಕೆಲಸ ಮುಂದುವರಿಸಲು ನೋಡಿದರೆ ಪೇಜೇ ಇಲ್ಲ! ಮತ್ತೆ ತರಬೇಕು. ಆದರೆ ಬರೆಯುವ ಗುರುತು ಹೋಗಿಯಾಗಿದೆ, ಹಾಗಾಗಿ ಓದುವುದಕ್ಕೆ ಅಂದುಕೊಂಡು ಪೇಜ್ ಕ್ಯಾಶ್‌ನ ಮೂಲ ಪೇಜನ್ನೇ ತಂದುಕೊಡುತ್ತದೆ. ಬರಹ ನೇರ ಅದರ ಮೇಲೆ ಬೀಳುತ್ತದೆ.

ಇದು ಒಂದೇ ಸಲಕ್ಕೆ ಕೂಡಿಬರಬೇಕಿಲ್ಲ. ಎರಡೂ ಥ್ರೆಡ್‌ಗಳನ್ನು ಸುಮ್ನೆ ಲೂಪ್‌ನಲ್ಲಿ ಬಿಟ್ಟರೆ ಯಾವಾಗಲೋ ಒಮ್ಮೆ ಕೂಡುತ್ತದೆ. ಆ ಫೈಲ್ ಪಾಸ್‌ವರ್ಡ್ ಬದಲಿಸುವ ಪ್ರೋಗ್ರಾಂನಂತೆ ರೂಟ್ ಹಕ್ಕಿನಿಂದ ಓಡುವಂಥದ್ದಾಗಿದ್ದರೆ ಮುಗಿಯಿತು, ಸಾಮಾನ್ಯ ಬಳಕೆದಾರನೇ ರೂಟ್, ಅಂದರೆ ಯಂತ್ರದ ಪೂರ್ಣ ಹಕ್ಕಿನ ಒಡೆಯ.

ಈ ದೋಷವನ್ನು ದಾಳಿಗೆ ಬಳಸಲು ಸಾಧ್ಯವಾದದ್ದು ಕರ್ನಲ್‌ನ 2007ರ 2.6.22 ಆವೃತ್ತಿಯಿಂದ. ಹೊರಗೆ ಬಂದದ್ದು 2016ರ ಅಕ್ಟೋಬರ್‌ನಲ್ಲಿ. ದಾಳಿಗೆ ಸಿಕ್ಕ ಸರ್ವರ್ ಒಂದರ ಎಚ್‌ಟಿಟಿಪಿ (ವೆಬ್ ಸಂಚಾರದ) ದಾಖಲೆಗಳನ್ನು ಜಾಲಾಡಿದ ಲಿನಕ್ಸ್ ಡೆವಲಪರ್ ಫಿಲ್ ಓಸ್ಟರ್ ಅದನ್ನು ಹಿಡಿದರು. ಅಂದರೆ ನಮಗೆ ಗೊತ್ತಾಗುವ ಮೊದಲೇ ಯಾರೋ ಬಳಸುತ್ತಿದ್ದರು. ಇನ್ನೂ ಬೇಸರದ ಸಂಗತಿ ಏನೆಂದರೆ, ಲಿನಕ್ಸ್ ಹುಟ್ಟುಹಾಕಿದ ಲೈನಸ್ ಟೋರ್ವಾಲ್ಡ್ಸ್ ಇದರ ಮೂಲವನ್ನು 11 ವರ್ಷ ಮೊದಲೇ, ಅಂದರೆ 2005ರಲ್ಲೇ ಸರಿಪಡಿಸಲು ನೋಡಿದ್ದರು. ಐಬಿಎಂನ ಎಸ್390 ಮೇನ್‌ಫ್ರೇಮ್ ಯಂತ್ರಗಳಲ್ಲಿ ತೊಂದರೆ ಬಂತೆಂದು ಆ ತಿದ್ದುಪಡಿ ವಾಪಸ್ಸಾಯಿತು. ಆಗ ಬರೀ ಕಾಗದದ ಮೇಲಿನ ಅಪಾಯದಂತೆ ಕಂಡದ್ದು, ಮೆಮೊರಿ ವ್ಯವಸ್ಥೆ ಬೆಳೆದ ಹಾಗೆ ಸುಲಭದ ದಾಳಿಯಾಯಿತು.

2016ರ ಪರಿಹಾರ ಚಿಕ್ಕದು. ಬರೆಯುವ ಗುರುತನ್ನು ತೆಗೆಯುವ ಬದಲು 'ನಕಲು ಮಾಡಿದ್ದೇನೆ' ಅನ್ನುವ ಹೊಸ ಗುರುತು ಸೇರಿಸಿದರು. ಕೈಗೆ ಬಂದ ಪೇಜ್ ನಿಜಕ್ಕೂ ಆ ನಕಲೇನಾ ಅಂತ ಡರ್ಟಿ ಬಿಟ್ (ಪೇಜಿಗೆ ಬರೆಯಲಾಗಿದೆ ಎನ್ನುವ ಗುರುತು) ನೋಡಿ ಖಚಿತಪಡಿಸಿಕೊಂಡ ಮೇಲಷ್ಟೇ ಬರೆಯಲು ಬಿಡುವಂತೆ ಮಾಡಿದರು. ದೊಡ್ಡ ಪೇಜ್‌ಗಳ ವಿಷಯದಲ್ಲಿ ಇದಕ್ಕೂ ಒಂದು ಸಂದಿ ಉಳಿದಿತ್ತು, ಅದನ್ನು 2017ರಲ್ಲಿ ಮುಚ್ಚಿದರು.

ನಿಮ್ಮ ಯಂತ್ರ ಸುರಕ್ಷಿತವೇ ಅಂತ ನೋಡಲು ಆವೃತ್ತಿ ಸಂಖ್ಯೆಯೊಂದನ್ನೇ ನಂಬಬೇಡಿ. ಮೂಲ ಕರ್ನಲ್‌ನಲ್ಲಿ ಮೊದಲ ಪರಿಹಾರ ಬಂದದ್ದು 4.8.3, 4.7.9 ಮತ್ತು 4.4.26ರಲ್ಲಿ. ಆದರೆ ಡಿಸ್ಟ್ರೋಗಳು (ಉಬುಂಟು, ಡೆಬಿಯನ್‌ನಂಥ ಲಿನಕ್ಸ್ ರೂಪಗಳು) ಅದೇ ತಿದ್ದುಪಡಿಯನ್ನು ತಮ್ಮ ಹಳೆಯ ಕರ್ನಲ್‌ಗಳಿಗೂ ಸೇರಿಸಿದವು. ನಿಮ್ಮ ಡಿಸ್ಟ್ರೋದ ಭದ್ರತಾ ಸೂಚನೆಯಲ್ಲಿ ಈ ದೋಷದ ಗುರುತಿನ ಸಂಖ್ಯೆಯಾದ ಸಿವಿಇ-2016-5195 (CVE-2016-5195) ಅಂತ ಹುಡುಕಿ. ಹೊಸ ಕರ್ನಲ್ ಹಾಕಿದ ಮೇಲೆ ರೀಬೂಟ್ ಮಾಡಿ, ಅಲ್ಲಿಯವರೆಗೆ ಓಡುತ್ತಿರುವುದು ಹಳೆಯದೇ.