ಟಿಮೋರ್ ಗ್ಯಾಪ್: ನಕ್ಷೆಯಲ್ಲಿ ಬಿಟ್ಟುಹೋದ ಒಂದು ಗೆರೆ

ಗ್ಯಾಪ್ ಅನ್ನುವ ಪದ ಈಗ ಕನ್ನಡದ್ದೇ ಆಗಿಹೋಗಿದೆ. ಹಲ್ಲಿನ ಮಧ್ಯೆ ಗ್ಯಾಪ್ ಇರುತ್ತದೆ. ಎರಡು ಮೀಟಿಂಗಿನ ಗ್ಯಾಪಲ್ಲಿ ಒಂದು ಕಾಫಿಯೂ ಆಗುತ್ತದೆ. ಹಾಗಾಗಿ ಟಿಮೋರ್ ಗ್ಯಾಪ್ ಅಂತ ಮೊದಲ ಸಲ ಕೇಳಿದವರು ಇದು ಎರಡು ದ್ವೀಪಗಳ ನಡುವಿನ ಯಾವುದೋ ಸಣ್ಣ ಜಲಸಂಧಿ ಇರಬೇಕು ಅಂದುಕೊಳ್ಳುತ್ತಾರೆ. ಆದರೆ ಆ ಸಮುದ್ರದಲ್ಲಿ ಅಂಥ ಸಂದಿ ಯಾವುದೂ ಇಲ್ಲ. ಗ್ಯಾಪ್ ಇದ್ದದ್ದು ನಕ್ಷೆಯ ಮೇಲೆ. ಗಡಿ ಗೆರೆ ಎಳೆಯುತ್ತಾ ಬಂದವರು ಒಂದು ಕಡೆ ನಿಲ್ಲಿಸಿ, ಅಷ್ಟು ದೂರ ಬಿಟ್ಟು, ಮತ್ತೆ ಮುಂದುವರಿಸಿದ್ದರು. ಹಾಗೆ ಖಾಲಿ ಬಿಟ್ಟ ಜಾಗದ ಹೆಸರು ಟಿಮೋರ್ ಗ್ಯಾಪ್. ಅದರ ಸುತ್ತಮುತ್ತ ತಳದಲ್ಲಿ ಎಣ್ಣೆ, ಗ್ಯಾಸ್ ಇರದಿದ್ದರೆ ಈ ಪದ ಯಾರ ಬಾಯಿಗೂ ಬರುತ್ತಿರಲಿಲ್ಲ.

ಟಿಮೋರ್ ದ್ವೀಪ ಇರುವುದು ಇಂಡೋನೇಷ್ಯಾದ ದ್ವೀಪಗಳ ಸಾಲಿನಲ್ಲಿ. ಅದರ ದಕ್ಷಿಣಕ್ಕೆ ಟಿಮೋರ್ ಸಮುದ್ರ, ಆಚೆ ದಡದಲ್ಲಿ ಆಸ್ಟ್ರೇಲಿಯಾದ ಡಾರ್ವಿನ್. ದ್ವೀಪದ ಪಶ್ಚಿಮ ಭಾಗ ಡಚ್ಚರ ಕೈಲಿತ್ತು, ಪೂರ್ವ ಭಾಗ ಪೋರ್ಚುಗೀಸರ ಕೈಲಿ. 1859ರಲ್ಲಿ ಇಬ್ಬರೂ ಒಪ್ಪಂದ ಮಾಡಿಕೊಂಡರು. ತಕರಾರು ಉಳಿದೇ ಇತ್ತು, 1914ರಲ್ಲಿ ಮಧ್ಯಸ್ಥಿಕೆಯ ತೀರ್ಪು ಬಂತು. ಅದೆಲ್ಲ ಬರೀ ನೆಲದ ಗಡಿಯ ಮಾತು. ಸಮುದ್ರದ ತಳ ಯಾರದ್ದು ಅಂತ ಆಗ ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಅಲ್ಲಿಂದ ತೆಗೆಯಲು ಏನಿತ್ತು, ಅಲ್ವಾ?

ಎರಡನೇ ಮಹಾಯುದ್ಧದ ನಂತರ ಲೆಕ್ಕ ಬದಲಾಯಿತು. 1945ರಲ್ಲಿ ಅಮೆರಿಕದ ಅಧ್ಯಕ್ಷ ಟ್ರೂಮನ್, ನಮ್ಮ ದಡದಿಂದ ನೀರಿನಡಿ ಚಾಚಿಕೊಂಡ ನೆಲದ ಸಂಪತ್ತು ನಮ್ಮದು ಅಂತ ಘೋಷಿಸಿದರು. ಆಸ್ಟ್ರೇಲಿಯಾ 1953ರಲ್ಲಿ ಅದೇ ಮಾತು ಹೇಳಿತು. ಈ ಚಾಚಿಗೆ ಕಾಂಟಿನೆಂಟಲ್ ಶೆಲ್ಫ್ ಅನ್ನುತ್ತಾರೆ. 1958ರ ಜಿನೀವಾ ಒಪ್ಪಂದದಿಂದ ಅದು ಅಂತರರಾಷ್ಟ್ರೀಯ ಕಾನೂನೂ ಆಯಿತು.

ತಂಟೆ ಶುರುವಾಗುವುದು ಇಲ್ಲಿ. ಟಿಮೋರ್ ಸಮುದ್ರದ ತಳ ಸಮತಟ್ಟಾಗಿಲ್ಲ. ಆಸ್ಟ್ರೇಲಿಯಾ ಕಡೆಯಿಂದ ಅದು ಆಳವಿಲ್ಲದ ಬಯಲಿನಂತೆ ನೂರಾರು ಕಿಲೋಮೀಟರ್ ಚಾಚಿಕೊಂಡು ಬರುತ್ತದೆ. ಟಿಮೋರ್ ದಡದ ಹತ್ತಿರ ಬಂದಾಗ ಇದ್ದಕ್ಕಿದ್ದಂತೆ ಕುಸಿದು ಕಮರಿಯಾಗುತ್ತದೆ. ಅದು ಟಿಮೋರ್ ಟ್ರಫ್. ಕೆಲವು ಕಡೆ 3,000 ಮೀಟರಿಗೂ ಹೆಚ್ಚು ಆಳ. ಆಸ್ಟ್ರೇಲಿಯಾದ ವಾದ ಸರಳ: ನಮ್ಮ ನೆಲ ಆ ಕಮರಿಯವರೆಗೂ ಬಂದಿದೆ, ಆದ್ದರಿಂದ ಗಡಿಯೂ ಅಲ್ಲೇ. ಎದುರಿನವರದ್ದು ಇನ್ನೂ ಸರಳ: ಎರಡು ದಡಗಳ ನಡುವೆ ಅಳೆಯಿರಿ, ಸರಿಯಾಗಿ ಅರ್ಧಕ್ಕೆ ಗೆರೆ ಎಳೆಯಿರಿ. ಇದೇ ಮೀಡಿಯನ್ ಲೈನ್, ನಡುಗೆರೆ. ಹೊಲದ ಜಗಳ ನೋಡಿದವರಿಗೆ ಇದು ಹೊಸದಲ್ಲ. ಒಬ್ಬ ಹಳ್ಳ ತೋರಿಸುತ್ತಾನೆ, ಇನ್ನೊಬ್ಬ ಚೈನು ಹಿಡಿದು ಅಳೆಯೋಣ ಬಾ ಅನ್ನುತ್ತಾನೆ. ಯಾರ ಮಾತಿನಂತೆ ಬದು ಹಾಕಿದರೆ ತೆಂಗಿನ ಮರ ಯಾರ ಪಾಲಿಗೆ ಬರುತ್ತದೆ ಅಂತ ಇಬ್ಬರಿಗೂ ಮೊದಲೇ ಗೊತ್ತಿರುತ್ತದೆ.

ಡಚ್ಚರು ಹೋದ ಮೇಲೆ ಪಶ್ಚಿಮ ಟಿಮೋರ್ ಇಂಡೋನೇಷ್ಯಾಕ್ಕೆ ಸೇರಿತ್ತು. ಇಂಡೋನೇಷ್ಯಾ ಮತ್ತು ಆಸ್ಟ್ರೇಲಿಯಾ 1971 ಮತ್ತು 1972ರಲ್ಲಿ ಸಮುದ್ರ ತಳದ ಗಡಿ ಒಪ್ಪಂದಗಳಿಗೆ ರುಜು ಹಾಕಿದವು. 1972ರ ಗೆರೆ ಹೆಚ್ಚುಕಡಿಮೆ ಆಸ್ಟ್ರೇಲಿಯಾ ಹೇಳಿದ ಹಾಗೇ, ಟಿಮೋರ್ ದಡದ ಸಮೀಪವೇ ಬಂತು. ಇದರಲ್ಲಿ ನಾವು ಮೋಸಹೋದೆವು ಅಂತ ಇಂಡೋನೇಷ್ಯಾದ ವಿದೇಶಾಂಗ ಮಂತ್ರಿ ಮೊಖ್ತಾರ್ ಕುಸುಮಾತ್ಮಜಾ ಮುಂದೆ ಬಹಿರಂಗವಾಗಿಯೇ ಹೇಳಿಕೊಂಡರು. ಪೋರ್ಚುಗಲ್ ಮಾತ್ರ ಈ ಮಾತುಕತೆಗೆ ಬರಲಿಲ್ಲ. ಸಮುದ್ರ ಕಾನೂನಿನ ಬಗ್ಗೆ ವಿಶ್ವಸಂಸ್ಥೆಯ ಸಮ್ಮೇಳನ ನಡೆಯಲಿದೆ, ಅದು ಮುಗಿಯಲಿ ಅಂತ ಕಾದು ಕೂತಿತು. ನಮ್ಮಲ್ಲಿ ಜಮೀನು ಅಳೆಯುವಾಗ ಪಕ್ಕದ ಹಿಡುವಳಿದಾರರಿಗೂ ನೋಟಿಸ್ ಹೋಗುತ್ತದೆ. ಬರಬೇಕಾದವನು ಬರದಿದ್ದರೆ ಅವನ ಬದಿಯ ತಕರಾರು ಹಾಗೇ ಉಳಿಯಬಹುದು. ಇಲ್ಲೂ ಹಾಗೇ. ಪೋರ್ಚುಗೀಸ್ ಟಿಮೋರ್ ಎದುರಿನ ಭಾಗಕ್ಕೆ ಗೆರೆ ಬೀಳಲಿಲ್ಲ. ಪೂರ್ವದ ಗೆರೆ ಎ16 ಎಂಬ ಬಿಂದುವಿಗೆ ನಿಂತಿತು, ಪಶ್ಚಿಮದ್ದು ಎ17ರಿಂದ ಶುರುವಾಯಿತು. ನಡುವೆ ಗ್ಯಾಪ್.

ಇಡೀ ಕಥೆಯಲ್ಲಿ ನನಗೆ ಜಾಸ್ತಿ ಕಾಡುವುದು ಈ ಎರಡು ಬಿಂದುಗಳು. ಟಿಮೋರಿನ ಪಾಲು ಎಡಕ್ಕೆ, ಬಲಕ್ಕೆ ಎಲ್ಲಿಗೆ ಮುಗಿಯುತ್ತದೆ ಅನ್ನುವುದಕ್ಕೆ ಮುಂದೆ ಎಲ್ಲರೂ ಇವನ್ನೇ ಬಾಂದುಕಲ್ಲಿನಂತೆ ಹಿಡಿದುಕೊಂಡರು. ಆ ಕಲ್ಲು ನೆಡುವಾಗ ಟಿಮೋರಿನವರು ಒಬ್ಬರೂ ಅಲ್ಲಿರಲಿಲ್ಲ. ಅವರ ಪರವಾಗಿ ಇರಬೇಕಿದ್ದ ಪೋರ್ಚುಗಲ್ ಕೂಡ ಇರಲಿಲ್ಲ.

1974ರಲ್ಲಿ ಎರಡು ಸಂಗತಿ ನಡೆದವು. ಸಮುದ್ರದಲ್ಲಿ ಗ್ರೇಟರ್ ಸನ್‌ರೈಸ್ ಎಂಬ ದೊಡ್ಡ ಗ್ಯಾಸ್ ನಿಕ್ಷೇಪ ಸಿಕ್ಕಿತು. ಲಿಸ್ಬನ್‌ನಲ್ಲಿ ಸರ್ವಾಧಿಕಾರ ಉರುಳಿತು, ಪೋರ್ಚುಗಲ್ ತನ್ನ ವಸಾಹತುಗಳನ್ನು ಬಿಡಲು ಹೊರಟಿತು. 1975ರ ಆಗಸ್ಟ್‌ನಲ್ಲಿ ಜಕಾರ್ತದಲ್ಲಿದ್ದ ಆಸ್ಟ್ರೇಲಿಯಾದ ರಾಯಭಾರಿ ರಿಚರ್ಡ್ ವುಲ್ಕಾಟ್ ತಮ್ಮ ಸರ್ಕಾರಕ್ಕೆ ಒಂದು ಸಂದೇಶ ಕಳಿಸಿದರು. ಈ ಗ್ಯಾಪ್ ಮುಚ್ಚುವ ಕೆಲಸ ಪೋರ್ಚುಗಲ್ ಜೊತೆಗಿಂತ, ಸ್ವತಂತ್ರ ಟಿಮೋರ್ ಜೊತೆಗಿಂತ, ಇಂಡೋನೇಷ್ಯಾ ಜೊತೆ ಸಲೀಸು ಅನ್ನುವುದು ಅದರ ಸಾರಾಂಶ. ಪೂರ್ವ ಟಿಮೋರ್ ನವೆಂಬರ್ 28ರಂದು ಸ್ವಾತಂತ್ರ್ಯ ಘೋಷಿಸಿಕೊಂಡಿತು. ಡಿಸೆಂಬರ್ 7ಕ್ಕೆ ಇಂಡೋನೇಷ್ಯಾದ ಸೇನೆ ನುಗ್ಗಿತು. ಎಣ್ಣೆಗಾಗಿಯೇ ಆಕ್ರಮಣ ನಡೆಯಿತು ಅನ್ನುವುದು ಅತಿಯಾಯಿತು. ಅದು ಶೀತಲ ಸಮರದ ಕಾಲ, ಪಕ್ಕದಲ್ಲೊಂದು ಎಡಪಂಥೀಯ ದೇಶ ಹುಟ್ಟೀತು ಅನ್ನುವ ಭಯವೇ ದೊಡ್ಡದಿತ್ತು. ಆದರೆ ನೆರೆಯವರು ಬಾಯಿ ಮುಚ್ಚಿಕೊಂಡಿರಲು ಎಣ್ಣೆಯೂ ಒಂದು ಕಾರಣ ಅನ್ನಲು ಆ ಸಂದೇಶವೇ ಸಾಕು. ಮುಂದಿನ 24 ವರ್ಷಗಳಲ್ಲಿ ಹಿಂಸೆ, ಹಸಿವು, ರೋಗಗಳಿಂದ ಒಂದು ಲಕ್ಷಕ್ಕೂ ಹೆಚ್ಚು ಟಿಮೋರಿಗರು ಸತ್ತರು ಅನ್ನುತ್ತದೆ ಅಲ್ಲಿನ ಸತ್ಯ ಆಯೋಗದ ವರದಿ.

ಆಸ್ಟ್ರೇಲಿಯಾ 1979ರಲ್ಲಿ ಇಂಡೋನೇಷ್ಯಾದ ಹಿಡಿತಕ್ಕೆ ಪೂರ್ಣ ಮಾನ್ಯತೆ ಕೊಟ್ಟು, ಗಡಿ ಮಾತುಕತೆಗೆ ಕೂತಿತು. ಆದರೆ ಇಂಡೋನೇಷ್ಯಾ ಈ ಸಲ ಕಮರಿಯ ಗೆರೆಗೆ ಒಪ್ಪಲಿಲ್ಲ. ಹತ್ತು ವರ್ಷ ಎಳೆದಾಡಿ ಕೊನೆಗೆ ಗೆರೆ ಎಳೆಯುವುದನ್ನೇ ಕೈಬಿಟ್ಟರು. ಜಾಗವನ್ನು ಜಂಟಿಯಾಗಿ ಬಳಸೋಣ, ನಡುವಿನ ಮುಖ್ಯ ಭಾಗದ ಆದಾಯ ಸಮಪಾಲು ಅಂತಾಯಿತು. ಇದೇ 1989ರ ಡಿಸೆಂಬರ್ 11ರ ಟಿಮೋರ್ ಗ್ಯಾಪ್ ಒಪ್ಪಂದ. ಆಸ್ಟ್ರೇಲಿಯಾದ ಗ್ಯಾರೆತ್ ಇವಾನ್ಸ್ ಮತ್ತು ಇಂಡೋನೇಷ್ಯಾದ ಅಲಿ ಅಲತಾಸ್, ಇಬ್ಬರೂ ವಿದೇಶಾಂಗ ಮಂತ್ರಿಗಳು, ಟಿಮೋರ್ ಸಮುದ್ರದ ಮೇಲೆ ಹಾರುತ್ತಿದ್ದ ವಿಮಾನದಲ್ಲಿ ಕೂತು ರುಜು ಹಾಕಿ, ಶಾಂಪೇನ್ ಗ್ಲಾಸು ಎತ್ತಿದರು. ಕೆಳಗಿದ್ದವರ ನೆಲ, ಕೆಳಗಿದ್ದವರ ನೀರು. ಹಂಚಿಕೊಂಡ ವಲಯದ ಆಕಾರ ನಕ್ಷೆಯಲ್ಲಿ ಶವಪೆಟ್ಟಿಗೆಯಂತೆ ಕಾಣುತ್ತದೆ ಅಂತ ಹಲವರು ಹೇಳಿದ್ದಾರೆ. ನಕ್ಷೆ ನೋಡಿ, ನಿಜವಾಗಿಯೂ ಹಾಗೇ ಇದೆ.

ಪೋರ್ಚುಗಲ್ ಆಗ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. 1995ರಲ್ಲಿ 14-2 ಮತಗಳಿಂದ ಬಂದ ತೀರ್ಪು ವಿಚಿತ್ರವಾಗಿತ್ತು. ಟಿಮೋರ್ ಜನರಿಗೆ ತಮ್ಮ ಭವಿಷ್ಯ ತಾವೇ ನಿರ್ಧರಿಸುವ ಹಕ್ಕಿದೆ, ಅದನ್ನು ಎಲ್ಲ ದೇಶಗಳೂ ಗೌರವಿಸಬೇಕು ಅಂತ ಕೋರ್ಟು ಒಪ್ಪಿತು. ಆದರೆ ಇಂಡೋನೇಷ್ಯಾ ಕಟಕಟೆಯಲ್ಲಿಲ್ಲ, ಅದರ ತಪ್ಪು ಒಪ್ಪು ನೋಡದೆ ಆಸ್ಟ್ರೇಲಿಯಾದ್ದು ನೋಡಲಾಗದು, ಆದ್ದರಿಂದ ಪ್ರಕರಣ ತೀರ್ಮಾನಿಸುವುದಿಲ್ಲ ಅಂದಿತು.

1999ರ ಆಗಸ್ಟ್ 30ರ ಜನಮತ ಸಂಗ್ರಹದಲ್ಲಿ 78.5% ಟಿಮೋರಿಗರು ಇಂಡೋನೇಷ್ಯಾದ ಜೊತೆ ಇರಲೊಪ್ಪದೆ ಮತ ಹಾಕಿದರು. 2002ರ ಮೇ 20ರಂದು ಪೂರ್ವ ಟಿಮೋರ್, ಟಿಮೋರ್-ಲೆಸ್ತೆ ಅನ್ನುವ ಹೆಸರಲ್ಲಿ ಸ್ವತಂತ್ರ ದೇಶವಾಯಿತು. ಅದಕ್ಕೆ ಎರಡು ತಿಂಗಳ ಮೊದಲು ಆಸ್ಟ್ರೇಲಿಯಾ ಒಂದು ಕೆಲಸ ಮಾಡಿತ್ತು. ಸಮುದ್ರ ಗಡಿಯ ವ್ಯಾಜ್ಯಗಳಲ್ಲಿ ಅಂತರರಾಷ್ಟ್ರೀಯ ಕೋರ್ಟುಗಳ ತೀರ್ಪಿಗೆ ನಾವು ಬದ್ಧರಲ್ಲ ಅಂತ ಹೊರಬಂದಿತ್ತು. ಸುಮ್ನೆ ಹೊರಬಂದಿದ್ದು ಅಂತ ಯಾರೂ ನಂಬಲಿಲ್ಲ. ಅಷ್ಟು ಹೊತ್ತಿಗೆ ಸಮುದ್ರ ಕಾನೂನು ನಡುಗೆರೆಯ ಕಡೆ ವಾಲಿತ್ತು.

ಸ್ವಾತಂತ್ರ್ಯದ ದಿನವೇ ಇನ್ನೊಂದು ಒಪ್ಪಂದ: ಜಂಟಿ ವಲಯದ ಆದಾಯದಲ್ಲಿ 90% ಟಿಮೋರಿಗೆ, 10% ಆಸ್ಟ್ರೇಲಿಯಾಕ್ಕೆ. ಕೇಳಲು ಧಾರಾಳವೇ. ಆದರೆ ಪಾಲು ಎಷ್ಟು ಅನ್ನುವ ಮೊದಲು ವಲಯದ ಬದು ಎಲ್ಲಿದೆ ಅಂತ ನೋಡಬೇಕು. ಹಳೆಯ ಎ16, ಎ17ರ ಲೆಕ್ಕದಲ್ಲಿ ಗ್ರೇಟರ್ ಸನ್‌ರೈಸ್‌ನ 20.1% ಮಾತ್ರ ವಲಯದ ಒಳಗಿತ್ತು. ಅದು ಇರುವುದು ಟಿಮೋರಿನಿಂದ ಸುಮಾರು 150 ಕಿಲೋಮೀಟರ್, ಡಾರ್ವಿನ್‌ನಿಂದ ಸುಮಾರು 450 ಕಿಲೋಮೀಟರ್ ದೂರದಲ್ಲಿ. ಪಶ್ಚಿಮದಲ್ಲಿ ಲ್ಯಾಮಿನೇರಿಯಾ, ಕೊರಾಲಿನಾ ಎಂಬ ಎಣ್ಣೆ ಬಾವಿಗಳೂ ವಲಯದ ಹೊರಗೇ ಬಿದ್ದವು. ಅವುಗಳ ಆದಾಯವೆಲ್ಲ ಆಸ್ಟ್ರೇಲಿಯಾಕ್ಕೆ. 2006ರಲ್ಲಿ ಸನ್‌ರೈಸ್ ಆದಾಯ ಸಮಪಾಲು ಅಂತ ಬದಲಾಯಿತು. ಅದಕ್ಕೆ ಪ್ರತಿಯಾಗಿ 50 ವರ್ಷ ಗಡಿಯ ಮಾತೆತ್ತಬಾರದು ಅನ್ನುವ ಷರತ್ತು ಬಂತು.

ಆ ಮಾತುಕತೆ ನಡೆಯುತ್ತಿದ್ದ 2004ರಲ್ಲಿ ಆಸ್ಟ್ರೇಲಿಯಾದ ಗೂಢಚಾರರು ದಿಲಿಯ ಸರ್ಕಾರಿ ಕಟ್ಟಡದಲ್ಲಿ ಕದ್ದು ಕೇಳುವ ಯಂತ್ರ ಇಟ್ಟಿದ್ದರು, ಅದೂ ನೆರವಿನ ಹೆಸರಲ್ಲಿ ನಡೆದ ರಿಪೇರಿ ಕೆಲಸದ ಮರೆಯಲ್ಲಿ ಅಂತ ಟಿಮೋರ್ ಆರೋಪಿಸಿತು. (ದಿಲಿ ಅಂದರೆ ಟಿಮೋರ್ ರಾಜಧಾನಿ, ನಮ್ಮ ದಿಲ್ಲಿಯಲ್ಲ.) 2013ರಲ್ಲಿ ವಿಷಯ ಮಧ್ಯಸ್ಥಿಕೆಗೆ ಹೋಯಿತು. ಅದೇ ಡಿಸೆಂಬರ್‌ನಲ್ಲಿ ಟಿಮೋರ್ ಪರ ವಕೀಲರ ಆಫೀಸಿನ ಮೇಲೆ ಆಸ್ಟ್ರೇಲಿಯಾ ದಾಳಿ ಮಾಡಿ ಕಾಗದಪತ್ರ ಹೊತ್ತುಕೊಂಡು ಹೋಯಿತು. ಅವನ್ನು ಸೀಲ್ ಮಾಡಿಡಿ ಅಂತ ಹೇಗ್ ನ್ಯಾಯಾಲಯ 2014ರ ಮಾರ್ಚ್‌ನಲ್ಲಿ ಆದೇಶಿಸಿತು.

ಕೋರ್ಟಿನ ಬಾಗಿಲು ಮುಚ್ಚಿದ್ದರೂ ವಿಶ್ವಸಂಸ್ಥೆಯ ಸಮುದ್ರ ಕಾನೂನಿನಲ್ಲಿ ಒಂದು ಕಿಟಕಿ ತೆರೆದಿತ್ತು: ಕಡ್ಡಾಯ ಸಂಧಾನ. ಅದರಡಿ ಕರೆದರೆ ಎದುರು ಪಕ್ಷ ಬೇಡ ಅನ್ನುವಂತಿಲ್ಲ. ಅಲ್ಲಿಯವರೆಗೆ ಯಾವ ದೇಶವೂ ಬಳಸಿರದ ಈ ದಾರಿಯನ್ನು ಟಿಮೋರ್-ಲೆಸ್ತೆ 2016ರಲ್ಲಿ ಹಿಡಿಯಿತು. 2018ರ ಮಾರ್ಚ್ 6ರಂದು ನ್ಯೂಯಾರ್ಕ್‌ನಲ್ಲಿ ಗಡಿ ಒಪ್ಪಂದವಾಯಿತು. ಗೆರೆ ಬಹುಪಾಲು ನಡುವೆಯೇ ಬಂತು. ಸನ್‌ರೈಸ್ ಗ್ಯಾಸ್ ಪೈಪ್‌ಲೈನಿನಲ್ಲಿ ಟಿಮೋರಿಗೆ ಬಂದರೆ ಆದಾಯದ 70%, ಆಸ್ಟ್ರೇಲಿಯಾಕ್ಕೆ ಹೋದರೆ 80% ಟಿಮೋರಿಗೆ. ಒಪ್ಪಂದ ಜಾರಿಗೆ ಬಂದದ್ದು 2019ರ ಆಗಸ್ಟ್ 30ರಂದು, ಜನಮತ ಸಂಗ್ರಹ ನಡೆದು ಸರಿಯಾಗಿ 20 ವರ್ಷಕ್ಕೆ.

ಪದ ಮಾತ್ರ ಸಾಯಲಿಲ್ಲ. 2011ರಲ್ಲಿ ಕಟ್ಟಿದ ತನ್ನ ಸರ್ಕಾರಿ ಎಣ್ಣೆ ಕಂಪನಿಗೆ ಟಿಮೋರ್-ಲೆಸ್ತೆ ಇಟ್ಟ ಹೆಸರು ಟಿಮೋರ್ ಗ್ಯಾಪ್. ಗ್ಯಾಪ್ ಅಂದರೆ ಇಲ್ಲಿ ಪೋರ್ಚುಗೀಸ್ ಭಾಷೆಯ ಗ್ಯಾಸ್ ಮತ್ತು ಪೆಟ್ರೋಲಿಯಂ ಪದಗಳ ಮೊದಲಕ್ಷರಗಳು. 2019ರಲ್ಲಿ ಆ ದೇಶ ಎರಡು ವಿದೇಶಿ ಕಂಪನಿಗಳಿಂದ ಗ್ರೇಟರ್ ಸನ್‌ರೈಸ್‌ನ 56.56% ಪಾಲನ್ನು 65 ಕೋಟಿ ಡಾಲರಿಗೆ ಖರೀದಿಸಿ ಇದೇ ಕಂಪನಿಯ ಕೈಗೆ ಕೊಟ್ಟಿತು. ಪೈಪು ಉತ್ತರಕ್ಕೆ ಟಿಮೋರಿಗೆ ಹೋಗಬೇಕೋ, ದಕ್ಷಿಣಕ್ಕೆ ಡಾರ್ವಿನ್‌ಗೋ ಅನ್ನುವ ಚೌಕಾಸಿ ಅದಾದ ಮೇಲೂ ವರ್ಷಗಟ್ಟಲೆ ನಡೆಯಿತು.