ಕ್ಯಾಲ್ಸಿಯಂ–ರಂಜಕ: ತೂಕದ ಲೆಕ್ಕವಾ, ಮೋಲ್ ಲೆಕ್ಕವಾ?

ದೇಹದಲ್ಲಿ ಕೊಬ್ಬು, ಸ್ನಾಯು, ಮೂಳೆ ಎಷ್ಟೆಷ್ಟಿವೆ ಅಂತ ನೋಡುವಾಗ ಕ್ಯಾಲ್ಸಿಯಂ, ರಂಜಕ (ಫಾಸ್ಫರಸ್) ಈ ಎರಡು ಖನಿಜಗಳನ್ನು ಒಟ್ಟಿಗೇ ಓದಬೇಕು. ಕ್ಯಾಲ್ಸಿಯಂನ ಸುಮಾರು 99% ಮೂಳೆ, ಹಲ್ಲುಗಳಲ್ಲಿದೆ. ರಂಜಕದ ಸುಮಾರು 85% ಕೂಡ ಅಲ್ಲೇ. ಉಳಿದ ರಂಜಕದ ಒಂದು ಪಾಲು ಸ್ನಾಯುಗಳಿಗೆ ಶಕ್ತಿ ಕೊಡುವ ಎಟಿಪಿ, ಕ್ರಿಯಾಟಿನ್ ಫಾಸ್ಫೇಟ್ ಎಂಬ ಸಂಯುಕ್ತಗಳಲ್ಲಿದೆ. ಹಾಗಾಗಿ ರಂಜಕವನ್ನು ಶತ್ರು ಅಂತ ನೋಡಬೇಡಿ.

ಈಗ ಇವೆರಡರ ಅನುಪಾತ. ಇಲ್ಲಿ ನಿಧಾನವಾಗಿ ಓದಿ. ಮೂಳೆಯ ಮುಖ್ಯ ಖನಿಜ ಹೈಡ್ರಾಕ್ಸಿಅಪಟೈಟ್. ಅದರ ಸೂತ್ರದಲ್ಲಿ 10 ಕ್ಯಾಲ್ಸಿಯಂ ಪರಮಾಣುಗಳಿಗೆ 6 ರಂಜಕ. ಎಣಿಸಿದರೆ 10/6, ಅಂದರೆ 1.67. ಆದರೆ ಕೆಲವು ಕಡೆ ಇದಕ್ಕೇ 2.15 ಅಂತ ಬರೆದಿರುತ್ತದೆ. ಎರಡೂ ಸರಿ! ಕ್ಯಾಲ್ಸಿಯಂ ಪರಮಾಣು ತೂಕ 40, ರಂಜಕದ್ದು 31. 10×40 = 400, 6×31 = 186. 400/186 = 2.15. ಮೊದಲನೆಯದು ಪರಮಾಣುಗಳ ಎಣಿಕೆ (ಇದನ್ನೇ ಮೋಲ್ ಅನುಪಾತ ಅನ್ನುವುದು), ಎರಡನೆಯದು ತೂಕ. ಸುಲಭ ದಾರಿ: ಮೋಲ್ ಅನುಪಾತವನ್ನು 1.29ರಿಂದ (40/31) ಗುಣಿಸಿದರೆ ತೂಕದ ಅನುಪಾತ ಸಿಗುತ್ತದೆ, ತೂಕದ ಅನುಪಾತವನ್ನು ಭಾಗಿಸಿದರೆ ಮೋಲ್ ಅನುಪಾತ.

ರಾಗಿಯಲ್ಲಿ ಮಾಡಿ ನೋಡಿ. 100 ಗ್ರಾಂನಲ್ಲಿ ಸುಮಾರು 364 ಮಿ.ಗ್ರಾಂ ಕ್ಯಾಲ್ಸಿಯಂ, 210 ಮಿ.ಗ್ರಾಂ ರಂಜಕ. ತೂಕದಲ್ಲಿ 1.73, ಮೋಲ್‌ನಲ್ಲಿ 1.34. ಆಹಾರದ ಪಟ್ಟಿಗಳು ಮಿ.ಗ್ರಾಂನಲ್ಲೇ ಇರುತ್ತವೆ, ಅಲ್ವಾ? ಮೂಳೆಯ 1.67ರ ಜೊತೆ ಅದನ್ನು ನೇರವಾಗಿ ಹೋಲಿಸಬೇಡಿ. ಅದೂ ಅಲ್ಲದೆ, ಮೂಳೆಯ ಅನುಪಾತವೇ ತಟ್ಟೆಯಲ್ಲೂ ಇರಬೇಕು ಅನ್ನುವ ನಿಯಮ ಇಲ್ಲ. ದೇಹ ಎರಡನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಹೀರಿಕೊಳ್ಳುತ್ತದೆ.

ಕಾಳು, ಧಾನ್ಯಗಳ ರಂಜಕದಲ್ಲಿ ಜಾಸ್ತಿ ಪಾಲು ಫೈಟೇಟ್ (ಬೀಜಗಳು ರಂಜಕ ಕೂಡಿಟ್ಟುಕೊಳ್ಳುವ ಸಂಯುಕ್ತ) ರೂಪದಲ್ಲಿರುತ್ತದೆ. ಅದು ಪೂರ್ತಿ ದಕ್ಕುವುದಿಲ್ಲ, ಕ್ಯಾಲ್ಸಿಯಂ ಅನ್ನೂ ಹಿಡಿದಿಡುತ್ತದೆ. ನೆನೆಸಿ ಮೊಳಕೆ ಕಟ್ಟಿದರೆ ಫೈಟೇಟ್ ಕಡಿಮೆಯಾಗುತ್ತದೆ. ಪ್ಯಾಕೆಟ್ ತಿಂಡಿಗೆ ಹಾಕುವ ಫಾಸ್ಫೇಟ್ (ರಂಜಕದ ಲವಣ) ಮಾತ್ರ ಬಹುಪಾಲು ರಕ್ತಕ್ಕೆ ಸೇರುತ್ತದೆ. ಲೇಬಲ್‌ನಲ್ಲಿ 338ರಿಂದ 341, 450ರಿಂದ 452 ಸಂಖ್ಯೆಗಳಿದ್ದರೆ ಅದೇ.

ಜಿಮ್‌ಗೆ ಹೋಗುವವರು ಇದನ್ನು ಗಮನಿಸಿ: ಕೋಳಿ, ಮೊಟ್ಟೆ, ಬೇಳೆ ಜಾಸ್ತಿಯಾದರೆ ರಂಜಕ ತಾನಾಗಿಯೇ ಏರುತ್ತದೆ, ಕ್ಯಾಲ್ಸಿಯಂ ಅಷ್ಟು ಏರುವುದಿಲ್ಲ. 100 ಗ್ರಾಂ ಕೋಳಿ ಮಾಂಸದಲ್ಲಿ ರಂಜಕ ಸುಮಾರು 200 ಮಿ.ಗ್ರಾಂ, ಕ್ಯಾಲ್ಸಿಯಂ ಹತ್ತು–ಹನ್ನೆರಡು ಅಷ್ಟೇ. ಇದಕ್ಕೆ ಪ್ರೋಟೀನ್ ಕಡಿಮೆ ಮಾಡಬೇಕಿಲ್ಲ. ಮೊಸರು, ರಾಗಿ, ಸೊಪ್ಪು, ಎಳ್ಳು ಸೇರಿಸಿದರೆ ಆಯಿತು. ಕ್ಯಾಲ್ಸಿಯಂ ಗುರಿ ವಯಸ್ಕರಿಗೆ ದಿನಕ್ಕೆ 1000 ಮಿ.ಗ್ರಾಂ.

ಕ್ಯಾಲ್ಸಿಯಂ ಕೊಬ್ಬು ಕರಗಿಸುತ್ತದಾ? ಕರುಳಲ್ಲಿ ಅದು ಸ್ವಲ್ಪ ಕೊಬ್ಬನ್ನು ಹಿಡಿದು ಹೊರಹಾಕುವುದು ನಿಜ, ಆದರೆ ಪರಿಣಾಮ ಬಹಳ ಚಿಕ್ಕದು. ಕೊಬ್ಬು ಇಳಿಯುವುದು ಒಟ್ಟು ಕ್ಯಾಲರಿಯಿಂದಲೇ.

ಮೂತ್ರಪಿಂಡದ ಕಾಯಿಲೆ ಇರುವವರಿಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಅವರ ರಂಜಕದ ಮಿತಿಯನ್ನು ವೈದ್ಯರೇ ಹೇಳಬೇಕು.